ಕೆಂಚಿಗೆ ನಾನು ಹಾಕಿದ ಕಂಟಕ

ಮೊನ್ನೆ ಆವರಗೆರೆ ಕಡೆಯಿಂದ ಆಟೋದಲ್ಲಿ ಬರುತ್ತಿದ್ದೆ. ಸಂಜೆಯ ಗಾಳಿ ದಿಕ್ಕು ಬದಲಿಸಿದ್ದೇ ತಡ, ಮಂಡಕ್ಕಿ ಭಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಕಾದ ಮರಳು, ಅದರೊಳಗೆ ಬಿದ್ದ ಕ್ಷಣವೇ ಅರಳುವ ಉಪ್ಪು ಹಚ್ಚಿದ ಅಕ್ಕಿ, ಒಲೆಯಲ್ಲಿ ಬುಸುಗುಡುವ ಭತ್ತದ ಹೊಟ್ಟು, ಎಲ್ಲ ಕಲೆತ ವಾಸನೆ. ಆಟೋದವನು ಮೂಗು ಮುಚ್ಚಿಕೊಂಡು, "ಏನ್ ಹೊಗೆ ನೋಡ್ರಿ ಅಜ್ಜಾರೆ," ಅಂದ. "ಗಾಡಿ ನಿಲ್ಲಿಸಪ್ಪ, ಇನ್ನೊಂಚೂರು ಕುಡಿದು ಹೋಗಣ," ಅಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದ. ಅವನದೇನೂ ತಪ್ಪಿಲ್ಲ. ಅವನಿಗೆ ಅದು ಹೊಗೆ. ನನಗೆ ಅದು ದೀಪ ಹಚ್ಚುವ ಹೊತ್ತು, ನಮ್ಮ ಹಳೇ ಮನೆಯ ಪಡಸಾಲೆ ಮತ್ತು ಒಂದು ತೋಳ. ತೋಳ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಹೇಳುತ್ತೇನೆ, ಅವಸರ ಮಾಡಬೇಡಿ. ಈ ಊರಿನಲ್ಲಿ ಒಂದು ತೋಳವನ್ನು ನನ್ನಷ್ಟು ಕಾಡಿದವನು ಇನ್ನೊಬ್ಬ ಹುಟ್ಟಿಲ್ಲ.

ಆ ಮನೆ ಹಳೇ ದಾವಣಗೆರೆಯ ಓಣಿಯೊಂದರಲ್ಲಿತ್ತು. ಅಪ್ಪನದು ಹತ್ತಿಕಾಳಿನ ವ್ಯಾಪಾರ. ಪಡಸಾಲೆಯಲ್ಲಿ ಸದಾ ಚೀಲಗಳು ಬಿದ್ದಿರುತ್ತಿದ್ದವು, ಅವುಗಳ ಮೇಲೆ ಮಲಗಿ ಎದ್ದರೆ ಬೆನ್ನಿಗೆ ಎಣ್ಣೆಯ ವಾಸನೆ ಅಂಟಿರುತ್ತಿತ್ತು. ಗೋಡೆಯಾಚೆಗೆ ಇಮಾಮ್‌ಸಾಬರ ಮಂಡಕ್ಕಿ ಭಟ್ಟಿ. ಹಗಲೆಲ್ಲ ಭಟ್ಟಿಯ ಮುಂದೆ ಬೇಯುತ್ತಿದ್ದ ಆ ಮನುಷ್ಯ ಬೆಳಗಿನ ಹೊತ್ತು ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದರು. ನಮ್ಮ ಚಿಕ್ಕಪ್ಪ ರುದ್ರಪ್ಪ ಅವರ ಅಚ್ಚುಮೆಚ್ಚಿನ ಶಿಷ್ಯ. ಚಿಕ್ಕಪ್ಪನ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದೇ ನಮಗೊಂದು ಆಟವಾಗಿತ್ತು. ಹದಡಿಯ ನಮ್ಮ ಹೊಲಮನೆಯಿಂದ ಬರುವ ಎಮ್ಮೆ ಹಾಲೆಲ್ಲ ಅವನ ಹೊಟ್ಟೆಗೇ ಹೋಗುತ್ತಿತ್ತು. ನಮಗೆ ಉಳಿಯುತ್ತಿದ್ದುದು ಚೊಂಬಿನ ವಾಸನೆ. ಇನ್ನು ನೀಲತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಎಳೇ ವಯಸ್ಸಿಗೇ ತವರಿಗೆ ವಾಪಸು ಬಂದವಳು. ಅವಳ ಮುಂಗೈ ಆಗಿನ್ನೂ ಹುಡುಗನಾಗಿದ್ದ ನನ್ನ ಮುಂಗೈಯಷ್ಟೇ ಸಣ್ಣ. ಬಾಯಿ ಬಿಟ್ಟರೆ ಮಾತ್ರ ಹತ್ತಿ ಮಂಡಿಯ ಹಮಾಲರೂ ದಾರಿ ಬಿಡಬೇಕಿತ್ತು.

ದೀಪ ಹಚ್ಚುವ ಹೊತ್ತಿಗೆ ವಸ್ತಾದರು ಭಟ್ಟಿ ಆರಿಸಿ, ಕೈಕಾಲು ತೊಳೆದು, ಟವೆಲಿನಲ್ಲಿ ಬಿಸಿ ಮಂಡಕ್ಕಿ ಕಟ್ಟಿಕೊಂಡು ಬರುತ್ತಿದ್ದರು. ಅವ್ವ ಮೆಣಸಿನಕಾಯಿ ಬಜ್ಜಿ ಕರಿದು ತಂದಿಡುತ್ತಿದ್ದಳು. ಆಮೇಲೆ ಶುರುವಾಗುತ್ತಿತ್ತು ನಮ್ಮ ಮನೆಯದೇ ಆದ ಒಂದು ಆಟ. ಅದರ ಹೆಸರು ಕಂಟಕ. ನೀಲತ್ತೆ ಯಾವುದಾದರೂ ಒಂದು ಕಾಡುಪ್ರಾಣಿಯ ಕಥೆ ಹೇಳುವಳು. ದಿನಕ್ಕೊಬ್ಬರು ಆ ಪ್ರಾಣಿಗೆ ಒಂದು ಕಂಟಕ ಹಾಕಬೇಕು. ಕಾಡಿಗೆ ಬೆಂಕಿ ಬಿತ್ತು, ಹಳ್ಳ ಬತ್ತಿತು, ಹಾವು ಕಚ್ಚಿತು, ಏನು ಬೇಕಾದರೂ. ಮಾರನೆಯ ದಿನ ದೀಪ ಹಚ್ಚುವುದರೊಳಗೆ ಅತ್ತೆ ಅದನ್ನು ಪಾರು ಮಾಡುವ ದಾರಿ ಹುಡುಕಬೇಕು. ಅವಳಿಗೆ ಆಗದಿದ್ದರೆ ಮನೆಯವರು ಯಾರಾದರೂ ಪ್ರಯತ್ನಿಸಬಹುದು. ಆದರೆ ದೇವರು ಬರುವಂತಿಲ್ಲ, ಮನುಷ್ಯ ಬರುವಂತಿಲ್ಲ, ಪ್ರಾಣಿ ಬಾಯಿಬಿಟ್ಟು ಮಾತಾಡುವಂತಿಲ್ಲ. ಅದಕ್ಕಿರುವುದು ಅದರ ಮೈ, ಅದರ ತಲೆ. ತೀರ್ಪು ವಸ್ತಾದರದು. ಕುಸ್ತಿ ಹುಚ್ಚಿನ ಊರು ನೋಡಿ, ಕಥೆಗೂ ಕಣದ ನಿಯಮವೇ. ಪಾರಾದ ರೀತಿ ಒಪ್ಪಿಗೆಯಾದರೆ ವಸ್ತಾದರು ತೊಡೆ ತಟ್ಟುವರು. ಒಪ್ಪದಿದ್ದರೆ "ಚಿತ್" ಅನ್ನುವರು, ಬೆನ್ನು ಮಣ್ಣಿಗೆ ತಾಗಿತು ಅಂತ. ಚಿತ್ ಆದರೆ ಆ ಪ್ರಾಣಿ ಸತ್ತ ಹಾಗೆ, ಮತ್ತೆ ಅದರ ಸುದ್ದಿ ಎತ್ತುವಂತಿಲ್ಲ. ಹಾಗೆ ಒಂದು ಮೊಲ, ಒಂದು ಉಡ, ಪಾಪದ ಒಂದು ಮುಳ್ಳುಹಂದಿ ನನ್ನ ಕೈಯಲ್ಲೇ ಹೋಗಿದ್ದವು. ಮುಳ್ಳುಹಂದಿ ಹೋದ ದಿನ ಅವ್ವ ನನಗೆ ಬಜ್ಜಿ ಕೊಡಲಿಲ್ಲ. ಕಂಟಕ ಹಾಕುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳಬಲ್ಲೆ. ಅಲ್ಲ ಅನ್ನುವವರು ಯಾರೂ ಉಳಿದಿಲ್ಲ, ಅದೊಂದೇ ತೊಂದರೆ.

ನಾನು ಎಷ್ಟು ಕಾಡಿದರೂ ಸಾಯದೆ ಉಳಿದವಳು ಕೆಂಚಿ. ಕೆಂಚಿ ಅಂದರೆ ಹೆಣ್ಣು ತೋಳ. ಅತ್ತೆ ಗಂಡನ ಊರಿನಲ್ಲಿದ್ದಾಗ ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ಅಂಥದ್ದೊಂದನ್ನು ಕಂಡಿದ್ದಳಂತೆ. ಇವಳು ಅದನ್ನು ನೋಡಿದಳು, ಅದು ಇವಳನ್ನು ನೋಡಿತು, ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅಷ್ಟೇ ಬಂಡವಾಳದ ಮೇಲೆ ಅವಳು ಕೆಂಚಿಯನ್ನು ಒಂದು ಇಡೀ ಚಳಿಗಾಲ, ಒಂದು ಇಡೀ ಬೇಸಿಗೆ ಬದುಕಿಸಿದಳು. ಎಡವಟ್ಟಾದದ್ದು ಊಟದ ವಿಷಯದಲ್ಲಿ. ನಮ್ಮದು ಲಿಂಗ ಕಟ್ಟಿದ ಮನೆ. ತೋಳ ಕುರಿ ಹಿಡಿಯಿತು ಎಂಬ ಮಾತು ಅತ್ತೆಯ ಬಾಯಲ್ಲಿ ಬರಲೊಲ್ಲದು. ಹಾಗಾಗಿ ಕೆಂಚಿ ಮೊದಮೊದಲು ಬಾರೆಹಣ್ಣು ತಿಂದಳು, ಹೊಲಕ್ಕೆ ನುಗ್ಗಿ ಹಸಿ ಕಡಲೆ ತಿಂದಳು, ಒಂದು ದಿನ ಯಾರೋ ಬದುವಿನ ಮೇಲೆ ಮರೆತುಹೋದ ರೊಟ್ಟಿ ಚಟ್ನಿಯನ್ನೂ ತಿಂದಳು. ವಸ್ತಾದರು ತಡೆದುಕೊಳ್ಳುವಷ್ಟು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು.

"ಅಕ್ಕಾರೆ, ತೋಳ ಇವತ್ತು ಏನ್ ಊಟ ಮಾಡ್ತು?"

"ಹೊಟ್ಟೆ ತುಂಬ ಊಟ ಮಾಡ್ತು."

"ಅದೇ ಏನು ಅಂತ. ಉಪ್ಪಿಟ್ಟಾ?"

"ದೀಪ ಹಚ್ಚಿದ ಹೊತ್ತಿನಾಗೆ ಅದೆಲ್ಲ ಯಾಕ ಬೇಕು ನಿನಗೆ, ಇಮಾಮ್‌ಸಾಬ?"

"ಹೆಂಗ್ ಬ್ಯಾಡ ಅಂತೀರಿ? ಬಾರೆಹಣ್ಣು ತಿಂದ್ಕೊಂಡು ಹರಿಹರದ ತನಕ ಓಡ್ತು ಅಂತೀರಿ. ಅಷ್ಟು ಹಾಲು ಕುಡಿದು ನಮ್ಮ ರುದ್ರನೇ ಓಡಲ್ಲ. ನಾನ್ ತೊಡೆ ಹೆಂಗ್ ತಟ್ಲಿ?"

ಚಿಕ್ಕಪ್ಪ ಬಜ್ಜಿ ಅಗಿಯುತ್ತ, "ಅದಕ್ಕೂ ಬಾದಾಮಿ ಹಾಲು ಕೊಡಕ್ಕ, ಮೈ ಬರ್ತೈತೆ," ಅಂದ.

ಅತ್ತೆ ನಾಲ್ಕು ದಿನ ಕಥೆಯನ್ನೇ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಕೂತು, ಗಂಟಲು ಸರಿಮಾಡಿಕೊಂಡು, "ಕೆಂಚಿ ಅವತ್ತು ತನ್ನ ಜಾತಿ ಊಟ ಮಾಡಿದ್ಲು, ನೀರು ಕುಡಿದ್ಲು," ಅಂದಳು. ವಸ್ತಾದರು ತೊಡೆ ತಟ್ಟಿದ ಸದ್ದಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. ಅಲ್ಲಿಂದ ಮುಂದೆ ಕೆಂಚಿ ದಿನಾ ತನ್ನ ಜಾತಿ ಊಟ ಮಾಡಿದಳು, ಅದು ಏನು ಎಂದು ಯಾರೂ ಕೇಳಲಿಲ್ಲ.

ಊಟದ ತಕರಾರು ಮುಗಿದರೂ ಇನ್ನೊಂದು ತಕರಾರು ಮುಗಿಯಲೇ ಇಲ್ಲ. ಪ್ರತಿ ಸಲ ಕೆಂಚಿ ಪಾರಾದಾಗ ಚಿಕ್ಕಪ್ಪ ಮತ್ತು ಅತ್ತೆಯ ನಡುವೆ ಅದೇ ಜಗಳ. ಪಾರು ಮಾಡಿದ್ದು ಮೈಯೋ, ಮನಸ್ಸೋ? ಚಿಕ್ಕಪ್ಪನ ಪ್ರಕಾರ ಎಲ್ಲವೂ ಮೈ. "ಕಾಲಾಗೆ ಕಸುವಿತ್ತು, ಬಾವಿ ಹಾರಿದ್ಲು. ಅದ್ರಾಗೆ ಮನಸ್ಸಿಂದೇನ್ ಬಂತು?" ಅನ್ನುವನು. "ಹಾರಬೇಕು ಅಂತ ಕಾಲಿಗೆ ಹೇಳಿದ್ದು ಯಾರು, ನಿಮ್ಮಜ್ಜಿನಾ?" ಅಂತ ಅತ್ತೆ. "ನಿಮ್ಮಜ್ಜಿನೂ ಅವಳೇ ಅಲ್ವೇನಕ್ಕ?" ಅಂತ ಚಿಕ್ಕಪ್ಪ. ಆನೆಯಂಥ ಗಂಡಸು ಒಂದು ಕಡೆ, ಊದಿದರೆ ಹಾರಿಹೋಗುವಂಥ ಹೆಂಗಸು ಇನ್ನೊಂದು ಕಡೆ. ನೋಡಲು ಎರಡು ಕಣ್ಣು ಸಾಲದು. ನಾನು ಇಬ್ಬರಿಗೂ ಕಡ್ಡಿ ಆಡಿಸುತ್ತ, ನಡುವೆ ಇಬ್ಬರ ಪಾಲಿನ ಬಜ್ಜಿಯನ್ನೂ ತಿನ್ನುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಹರಿಹರದಲ್ಲಿ ಕುಸ್ತಿ ಇತ್ತು. ಎದುರಾಳಿ ಉತ್ತರದ ಕಡೆಯ ಪೈಲ್ವಾನ. ನಾವೆಲ್ಲ ಹೋಗಿದ್ದೆವು. ಚಿಕ್ಕಪ್ಪ ಅವನನ್ನು ಎತ್ತಿದ, ಜನ ಕೂಗಿದರು, ಎತ್ತಿದವನು ತಿರುಗುವಾಗ ಬಲಗಾಲು ಮಣ್ಣಿನಲ್ಲಿ ಹೂತ ಹಾಗೆ ನಿಂತುಬಿಟ್ಟಿತು, ಮೇಲಿನ ಮೈ ಮಾತ್ರ ತಿರುಗಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಅಪ್ಪನ ಹತ್ತಿಕಾಳಿನ ಚೀಲದ ಮೇಲೆ ಮಲಗಿಸಿ ಲಾರಿಯಲ್ಲಿ ಮನೆಗೆ ತಂದರು. ಪಟ್ಟಿ ಹಾಕಿ, ವಾರಗಟ್ಟಲೆ ಬಿಟ್ಟು, ಬಿಚ್ಚಿದ ದಿನ ಡಾಕ್ಟರು ಅಪ್ಪನಿಗೂ ಚಿಕ್ಕಪ್ಪನಿಗೂ ಬಿಡಿಸಿ ಹೇಳಿದರು. ಮೂಳೆ ಕೂಡಿದೆ. ಇನ್ನು ಕಾಲು ಊರಿ ನಡೆಯಬೇಕು, ನೋವಾದರೂ ನಡೆಯಬೇಕು. ಈ ಕೆಲವು ದಿನಗಳಲ್ಲಿ ಊರಿದರೆ ಸರಿ, ಹೀಗೇ ಮಲಗಿದರೆ ಮಂಡಿ ಬಿಗಿದು ಹೋಗುತ್ತದೆ, ಆಮೇಲೆ ಜನ್ಮಪೂರ್ತಿ ಅಷ್ಟೇ. ಕುಸ್ತಿಯ ಆಸೆಯನ್ನಂತೂ ಬಿಟ್ಟುಬಿಡಿ. ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವ್ವ ಕೋಲು ತಂದು ಮಂಚಕ್ಕೆ ಒರಗಿಸಿದರೆ, "ಕೋಲು ಹಿಡ್ಕೊಂಡು ಗರಡಿ ಮುಂದೆ ಹೋಗ್ಲಾ ಅತ್ತಿಗೆ? ತಗಂಡೋಗ್ರಿ ಅದನ್ನ," ಅಂದ. ವಸ್ತಾದರು ಬಾಗಿಲಿಗೆ ಬಂದರೆ ಕಣ್ಣು ಮುಚ್ಚಿಕೊಂಡ. ಹದಡಿಯ ಹಾಲು ಈಗ ನಮಗೆಲ್ಲ ಬರತೊಡಗಿತು. ಯಾರಿಗೂ ರುಚಿಸಲಿಲ್ಲ.

ಪಡಸಾಲೆ ಎಷ್ಟು ದಿನ ಸುಮ್ಮನಿರುತ್ತದೆ? ಒಂದು ಸಂಜೆ ನೀಲತ್ತೆ ತಾನೇ ಚಾಪೆ ಎಳೆದುಕೊಂಡು ಬಂದು ಚಿಕ್ಕಪ್ಪನ ಕೋಣೆಯ ಬಾಗಿಲಿಗೆ ಸರಿಯಾಗಿ ಹಾಸಿದಳು. "ಬರ್ರಿ, ಕೂಡ್ರಿ. ಕೆಂಚಿ ಪಾಪ ಎಷ್ಟು ದಿನದಿಂದ ಅದೇ ಗುಡ್ಡದಾಗೆ ನಿಂತಾಳೆ. ಇವತ್ತು ಕಂಟಕ ಯಾರದು?" ಅಂದಳು. ನನ್ನದಾಗಿತ್ತು. ನಾನು ಆ ಕಂಟಕವನ್ನು ಬಹಳ ದಿನದಿಂದ ತಲೆಯಲ್ಲಿ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಮಳೆಗಾಲ, ಹರಿಹರದ ಹತ್ತಿರ ಹೊಳೆ. ಕೆಂಚಿ ಬಂಡೆಯಿಂದ ಬಂಡೆಗೆ ಹಾರುತ್ತ ದಾಟುವಾಗ ಜಾರಿ ಬಿದ್ದು ಹಿಂದಿನ ಕಾಲು ಮುರಿದಿದೆ. ಹೇಗೋ ನಡುಹೊಳೆಯ ಬಂಡೆಯ ಮೇಲೆ ಕೂತಿದ್ದಾಳೆ. ನೀರು ಏರುತ್ತಿದೆ. ಈಚೆ ದಂಡೆಯಲ್ಲಿ ಕುರಿಹಟ್ಟಿಯ ನಾಯಿಗಳು ಹಲ್ಲು ಕಿರಿದು ನಿಂತಿವೆ. ಆಚೆ ದಂಡೆ ಕಡಿದಾದ ಕಲ್ಲು. ಬೆಳಗಾಗುವುದರೊಳಗೆ ಬಂಡೆ ಮುಳುಗುತ್ತದೆ. ಹೇಳಿ ಮುಗಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ನೀಲತ್ತೆಯ ಬಾಯಿ ಮುಚ್ಚಿಸಿದವನು ಈ ಲೋಕದಲ್ಲಿ ನಾನೊಬ್ಬನೇ. ಅವ್ವ ಮಾತ್ರ ನನ್ನ ಕಿವಿ ಹಿಂಡಿ, "ಮುರಿಯೋಕೆ ಕಾಲೇ ಬೇಕಾಗಿತ್ತೇನೋ ನಿನಗೆ?" ಅಂದಳು.

ಮಾರನೆಯ ಸಂಜೆ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದು ಕೂತರು. ಅತ್ತೆ ದೀಪದ ಬತ್ತಿ ಹೊಸೆಯುತ್ತ, "ನನಗೆ ದಾರಿ ಕಾಣವಲ್ದು. ಯಾರಾದ್ರೂ ಪಾರು ಮಾಡೋರಿದ್ರೆ ಮಾಡ್ರಿ, ಇಲ್ಲಾಂದ್ರೆ ದೀಪ ಹಚ್ತೀನಿ," ಅಂದಳು. ದೀಪ ಹಚ್ಚಿದರೆ ಕೆಂಚಿ ಸತ್ತಳು. ಅಪ್ಪ ಅವತ್ತು ಮೊದಲ ಸಲ ಆಟಕ್ಕೆ ಬಾಯಿ ಹಾಕಿ, "ಒಂದು ಮರದ ದಿಮ್ಮಿ ತೇಲಿ ಬಂತು," ಅಂದ. "ಆ ದಿಮ್ಮಿ ಕಳಿಸಿದ್ದು ಯಾರ್ರಿ ಯಜಮಾನ್ರೆ? ದೇವರು. ಆಗಂಗಿಲ್ಲ," ಅಂದರು ವಸ್ತಾದರು. ಅವ್ವ, "ನೀರು ಇಳಿಯೋ ತನಕ ಕಾಯ್ತಾಳೆ," ಅಂದಳು. ಬಂಡೆ ಮುಳುಗುತ್ತದೆ ಅಂತ ಆಗಲೇ ಹೇಳಿದ್ದೇನಲ್ಲ ಎಂದು ನಾನು ಬೀಗಿದೆ. ವಸ್ತಾದರು ಚಿತ್ ಅನ್ನಲು ಬಾಯಿ ತೆರೆದರು, ಕೋಣೆಯ ಕಡೆ ನೋಡಿದರು, ಮತ್ತೆ ಮುಚ್ಚಿದರು. ಅತ್ತೆ ಬೆಂಕಿಕಡ್ಡಿ ಕೈಗೆ ತಗೊಂಡಳು.

"ಲೇ ಬಸ್ಯಾ," ಕೋಣೆಯೊಳಗಿಂದ ನನ್ನನ್ನು ಕರೆದ ದನಿ ಬಂತು. "ಯಾವ ಕಾಲು?"

ಎಷ್ಟು ದಿನದ ಮೇಲೆ ಕೇಳಿದ ದನಿ. ಅತ್ತೆಯ ಕೈ ಹಾಗೇ ನಿಂತಿತು.

"ಹಿಂದಿಂದು, ಚಿಕ್ಕಪ್ಪ."

"ಹಿಂದಿಂದ್ರಾಗೆ ಯಾವುದು?"

"ಬಲದ್ದು."

ಗೋಡೆಯ ಕಡೆಯಿಂದ ಈ ಕಡೆ ಹೊರಳಿದ ಸದ್ದು. ಆಮೇಲೆ, "ಮುಂದಿನ ಎರಡು ಸರಿಯಾಗವೆ ಅಲ್ವಾ? ಈಜೋ ಕಸುವೆಲ್ಲ ಮುಂದ್ಲದ್ರಾಗೇ ಇರೋದು. ಸಾಯಲ್ಲ ಅವಳು," ಅಂತು ದನಿ.

"ಹಾರೋಕೆ ಹಿಂದಿನ ಕಾಲೇ ಬೇಕು," ಅಂದೆ.

"ಹಾರು ಅಂತ ಯಾರ್ ಹೇಳಿದ್ರು? ಸುಮ್ನೆ ನೀರಿಗೆ ಇಳೀಬೇಕು. ಹೊಳೆ ನೂಕ್ತೈತೆ, ನೂಕ್ಲಿ. ಎದುರಾಳಿ ನೂಕಿದ ಕಡೆಗೇ ಹೋಗಿ ಪಟ್ಟು ಬಿಡಿಸ್ಕಳ್ಳಲ್ವಾ, ಹಂಗೆ. ಓರೆಯಾಗಿ ಹೋಗ್ತಾ ಹೋಗ್ತಾ ಕೆಳಗೆ ಎಲ್ಲೋ ಆಚೆ ದಂಡೆ ಸಿಗ್ತೈತೆ."

ವಸ್ತಾದರು ಗಂಭೀರವಾಗಿ, "ಏನೂ ಕೇಳಿಸವಲ್ದು. ಪಾರು ಮಾಡೋರು ನನ್ನೆದುರಿಗೆ ಬಂದು ಮಾಡಬೇಕು," ಅಂದರು. ಅಂಥ ನಿಯಮ ನಮ್ಮ ಆಟದಲ್ಲಿ ಅವತ್ತಿನವರೆಗೆ ಇರಲಿಲ್ಲ.

ನಾನು ಬಿಡುತ್ತೇನೆಯೇ? "ಮಂಚದ ಮೇಲೆ ಮಲಕ್ಕಂಡು ಯಾರ್ ಬೇಕಾದ್ರೂ ಈಜ್ತಾರೆ ಬಿಡ್ರಿ," ಅಂದೆ.

ಮಂಚ ಕಿರುಗುಟ್ಟಿತು. ಮೊದಲು ಎರಡು ದೊಡ್ಡ ಕೈ ಹೊಸ್ತಿಲ ಈಚೆ ಬಂದವು, ಆಮೇಲೆ ಕೆದರಿದ ತಲೆ. ಚಿಕ್ಕಪ್ಪ ಕೈಯೂರಿ, ಎಡ ಮಂಡಿಯ ಮೇಲೆ, ಬಲಗಾಲನ್ನು ಹಿಂದೆ ಎಳೆದುಕೊಂಡು ಪಡಸಾಲೆಗೆ ಬಂದ. ಕೋಪದಿಂದ ಕಣ್ಣು ಕೆಂಪಾಗಿತ್ತು. "ನೋಡಲೇ," ಅಂತ ನನಗೆ ಅಂದು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಎರಡು ಕೈಯಲ್ಲಿ ನೀರು ತಳ್ಳುತ್ತ, ಪಡಸಾಲೆಯ ಈ ಮೂಲೆಯಿಂದ ಓರೆಯಾಗಿ ಆ ಮೂಲೆಗೆ ಈಜಿದ. ಅಪ್ಪ ಹತ್ತಿಕಾಳಿನ ಚೀಲಗಳನ್ನು ಸರಸರ ಸರಿಸಿ ಹೊಳೆಗೆ ಜಾಗ ಮಾಡಿಕೊಟ್ಟ. ಕಂಬದ ಹತ್ತಿರ ಬಂದಾಗ ಚಿಕ್ಕಪ್ಪನಿಗೆ ಏದುಸಿರು.

"ದಂಡೆ ಬಂತು," ಅಂದಳು ನೀಲತ್ತೆ, ಮೆಲ್ಲಗೆ. "ಕಡಿದು ಕಲ್ಲು ಐತೆ ರುದ್ರ. ಹೆಂಗ್ ಹತ್ತುತಾಳೆ?"

ಚಿಕ್ಕಪ್ಪ ಕಂಬವನ್ನು ತಬ್ಬಿಕೊಂಡು ಎದೆಮಟ್ಟ ಎದ್ದ. ಎಡಗಾಲು ಊರಿದ. ಅಲ್ಲೇ ನಿಂತ.

"ಬರೀ ಮುಂದಿನ ಕಾಲಾಗೆ ಹತ್ತಂಗಿಲ್ಲ," ಅಂದರು ವಸ್ತಾದರು. "ಹಿಂದಿನ ಕಾಲು ಒಂದೇ ಸಾಕಾಗಂಗಿಲ್ಲ. ಜಾರ್ತಾಳೆ."

"ಗೊತ್ತೈತೆ."

"ಮತ್ತೆ?"

"ಮುರಿದಿದ್ದನ್ನೂ ಊರಬೇಕು."

"ನೋವಾಗ್ತೈತಲ್ಲ ಚಿಕ್ಕಪ್ಪ," ಅಂದೆ ನಾನು. ಆಗ ಮಾತ್ರ ತಮಾಷೆಗೆ ಅಂದದ್ದಲ್ಲ.

"ಆಗ್ತೈತೆ. ಅದಕ್ಕೇನೀಗ?" ಅಂದ ಚಿಕ್ಕಪ್ಪ, ಬಲಗಾಲನ್ನು ನೆಲಕ್ಕೆ ಇಟ್ಟ. ಅವನ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ಮಂಡಿ ನಡುಗಿತು, ನಡುಗುತ್ತಲೇ ಭಾರ ಹೊತ್ತಿತು. ಕಂಬ ಬಿಟ್ಟ. ಆ ದೊಡ್ಡ ಮೈ ಪಡಸಾಲೆಯ ನಡುವೆ ಎರಡು ಕಾಲಿನ ಮೇಲೆ ನಿಂತಿತು. ವಸ್ತಾದರು ತೊಡೆ ತಟ್ಟಲು ಮರೆತರು. ಕೊನೆಗೆ ಚಿಕ್ಕಪ್ಪನೇ, "ಏನ್ ನೋಡ್ತಾ ಕೂತೀರಿ ವಸ್ತಾದ್ರೆ? ಹಿಡ್ಕಳ್ರಿ, ಬೀಳ್ತೀನಿ," ಅಂದ. ಹಿಡಿಯಲು ಹೋದ ವಸ್ತಾದರನ್ನೂ ಸೇರಿಸಿಕೊಂಡು ಹತ್ತಿಕಾಳಿನ ಚೀಲದ ಮೇಲೆ ಬಿದ್ದ. ಇಬ್ಬರೂ ಬಿದ್ದಲ್ಲೇ ನಗತೊಡಗಿದರು. ವಸ್ತಾದರು ಕೆಳಗೆ ಸಿಕ್ಕಿಕೊಂಡಿದ್ದರಿಂದ, ತಮ್ಮ ತೊಡೆಗೆ ಕೈ ಎಟುಕದೆ, ಚಿಕ್ಕಪ್ಪನ ತೊಡೆಯನ್ನೇ ತಟ್ಟಿದರು. ಅವತ್ತು ದೀಪ ಹಚ್ಚುವುದು ಬಹಳ ತಡವಾಯಿತು. ಅವ್ವ ಕತ್ತಲಲ್ಲೇ ಬಜ್ಜಿ ಕರಿದಳು. ಅಂಥ ರುಚಿಯ ಬಜ್ಜಿ ಆಮೇಲೆ ಈ ಊರಿನಲ್ಲಿ ಯಾವ ಗಾಡಿಯಲ್ಲೂ ಸಿಕ್ಕಿಲ್ಲ. ನಾನು ಎಲ್ಲ ಗಾಡಿಯಲ್ಲೂ ತಿಂದು ನೋಡಿದ್ದೇನೆ.

ಚಿಕ್ಕಪ್ಪನನ್ನು ಎಬ್ಬಿಸಿದ್ದು ನಾನು ಎಂದು ಅವತ್ತಿನಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ತಾನು ಅಂತ ವಸ್ತಾದರು, ಎದುರಿಗೆ ಬಾ ಅಂದವರು ಅವರಲ್ಲವೇ. ಡಾಕ್ಟರು ಕೂಡ ತಮ್ಮ ಮಾತ್ರೆಯ ಗುಣ ಅಂದರಂತೆ. ನೀಲತ್ತೆ ಮಾತ್ರ ಏನೂ ಅನ್ನದೆ ನಗುವಳು. "ನಿನಗೆ ನಿಜವಾಗ್ಲೂ ದಾರಿ ಗೊತ್ತಿರ್ಲಿಲ್ವಾ ಅತ್ತೆ?" ಅಂತ ದೊಡ್ಡವನಾದ ಮೇಲೂ ಕೇಳಿದ್ದೇನೆ. "ಗೊತ್ತಿತ್ತು," ಅನ್ನುವಳು. "ಹಂಗಾದ್ರೆ ಹೇಳು" ಅಂದರೆ, "ನಿನ್ನಂಥ ಕಿಡಿಗೇಡಿಗೆ ಹೇಳಿದ್ರೆ ಆ ದಾರಿಗೂ ಮುಳ್ಳು ಹಾಕ್ತೀಯ," ಅನ್ನುವಳು. ಇನ್ನೂ ತಮಾಷೆ ಅಂದರೆ, ಮೈಯೋ ಮನಸ್ಸೋ ಎಂಬ ಜಗಳ ಆಮೇಲೂ ನಿಲ್ಲಲಿಲ್ಲ, ಪಕ್ಷ ಮಾತ್ರ ಬದಲಾಯಿತು. ಚಿಕ್ಕಪ್ಪ ಈಗ ಮನಸ್ಸಿನ ಕಡೆ. "ಮನಸ್ಸು ಮಾಡಿದ್ದಕ್ಕೇ ಕಾಲು ಬಂತು," ಅನ್ನುವನು. ಅತ್ತೆಗೆ ಅವನು ಹೇಳಿದ್ದನ್ನು ಒಪ್ಪಿ ಅಭ್ಯಾಸವಿಲ್ಲ. "ಆ ಮುಂಗಾಲು ಇಲ್ದಿದ್ರೆ ಕೆಂಚಿ ಎಲ್ಲಿಂದ ಈಜ್ತಿದ್ಲು? ಹಾಲು ಕುಡಿದ ಮೈ ಕಣೋ ಅದು," ಅಂತ ಮೈಯ ಕಡೆ ನಿಂತು ವಾದಿಸುವಳು.

ಚಿಕ್ಕಪ್ಪ ಮತ್ತೆ ಕಣಕ್ಕೆ ಇಳಿಯಲಿಲ್ಲ. ಆದರೆ ಗರಡಿಗೆ ಹೋಗುವುದು ಬಿಡಲಿಲ್ಲ. ವಸ್ತಾದರ ಪಕ್ಕದಲ್ಲಿ ಕೂತು ಹುಡುಗರಿಗೆ ಪಟ್ಟು ಹೇಳಿಕೊಟ್ಟ, ಅವರಾದ ಮೇಲೆ ತಾನೇ ವಸ್ತಾದನಾದ. ಅತ್ತೆ ಒಂದು ಮಧ್ಯಾಹ್ನ ಬತ್ತಿ ಹೊಸೆಯುತ್ತ ಕೂತಲ್ಲೇ ಹೋದಳು, ಮಾತಿನ ನಡುವೆ, ಸೋಲದೆ. ಭಟ್ಟಿ ಊರಾಚೆ ಹೋಯಿತು. ನಾವು ಅಣ್ಣತಮ್ಮಂದಿರು ಬೇರೆಯಾಗಿ, ಮನೆ ಇದ್ದ ಜಾಗದಲ್ಲಿ ಈಗ ಗಾಜಿನ ಬಾಗಿಲಿನ ಅಂಗಡಿಗಳು ಎದ್ದಿವೆ. ಒಳಗೆ ಹೋದರೆ ಚಳಿಗಾಳಿ ಬೀಸುತ್ತದೆ, ಯಾವ ವಾಸನೆಯೂ ಇಲ್ಲ. ನಿಮ್ಮ ಮನೆಯೂ ಹೀಗೇ ಎಲ್ಲೋ ಒಂದು ಅಂಗಡಿಯ ಕೆಳಗೆ ಇರಬಹುದು. ಕೆಂಚಿ ಏನಾದಳು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮಕ್ಕಳು ಬೆಳೆದೆವು, ಕಂಟಕ ಹಾಕುವವರು ಇಲ್ಲದೆ ಆಟ ತಾನಾಗಿ ನಿಂತಿತು. ಅವಳು ಸತ್ತಳು ಎಂದು ಯಾರೂ ಹೇಳಲಿಲ್ಲ.

ಚಿಕ್ಕಪ್ಪ ಬಹಳ ವರ್ಷ ಬದುಕಿದ. ಬೆಳಗಾದರೆ ಓಣಿಯಲ್ಲಿ ಅವನ ನಡಿಗೆಯ ಸದ್ದು, ಎಡಗಾಲು ಗಟ್ಟಿಯಾಗಿ ಊರುವುದು, ಬಲಗಾಲು ಸರ್ ಎಂದು ಎಳೆಯುವುದು. ಅವನ ಬಲಕ್ಕೆ ನಾನು ನಡೆಯುತ್ತಿದ್ದೆ, ಎಡವಿದರೆ ಹಿಡಿಯಲು. ಅವನು ಒಂದು ಸಲವೂ ಎಡವಲಿಲ್ಲ. ನಾನು ಮಾತ್ರ ಅವನ ನಡಿಗೆಗೆ ಒಗ್ಗಿಹೋದೆ. ಹೋದ ವರ್ಷ ಅವನು ತೀರಿಕೊಂಡ. ಈಗ ಸಂಜೆ ಕೆ.ಬಿ. ಬಡಾವಣೆಯಲ್ಲಿ ಮೊಮ್ಮಗಳ ಜೊತೆ ತಿರುಗಾಡಲು ಹೊರಟರೆ ಅವಳಿಗೆ ಬೇಜಾರು. "ಯಾಕಜ್ಜ ಇಷ್ಟು ನಿಧಾನ, ಕಾಲು ನೋವೈತಾ?" ಅನ್ನುತ್ತಾಳೆ. ನನ್ನ ಕಾಲಿಗೇನಾಗಿದೆ? ಬೇಕಾದರೆ ಈಗಲೂ ನಿಮ್ಮ ಮನೆಯ ಕಾಂಪೌಂಡ್ ಹಾರಿ ತೋರಿಸುತ್ತೇನೆ. ಅವಳು ಮುಂದೆ ಓಡಿಹೋಗುತ್ತಾಳೆ. ನಾನು ಅದೇ ನಿಧಾನದಲ್ಲಿ, ಎಡಗಡೆ ಒಬ್ಬ ಮನುಷ್ಯನಿಗೆ ಆಗುವಷ್ಟು ಜಾಗ ಬಿಟ್ಟು, ನಡೆದು ಹೋಗುತ್ತೇನೆ.